ತೂತಿನ ಮಹಿಮೆ

‘ಎಲ್ಲರ ಮನೆ ದೋಸೆಯೂ ತೂತೇ’ ಎಂಬ ಗಾದೆಯನ್ನು ಕಟ್ಟಿದವರು ಗಂಡಸರೇ ಇರಬೇಕೆಂದು ನನ್ನ ಗುಮಾನಿ. ಹಂಚಿನ ಮುಂದೆ ನಿಂತು ದೋಸೆ ಹುಯ್ಯುವ ಹೆಂಗಸಿಗೆ ತೂತು ಒಂದು ಕೊರತೆ ಎಂದು ಅನ್ನಿಸುವುದಾದರೂ ಹೇಗೆ? ತೂತು ಬೀಳದ ದೋಸೆ ಎಂದರೆ ಹಿಟ್ಟು ಹುದುಗು ಬಂದಿಲ್ಲ ಎಂದರ್ಥ. ನಮ್ಮ ದಾವಣಗೆರೆ ಸೀಮೆಯ ಬೆಣ್ಣೆ ದೋಸೆಗೆ ತೂತೇ ಇಲ್ಲದಿದ್ದರೆ ಆ ಬೆಣ್ಣೆ ಇಳಿಯುವುದಾದರೂ ಎಲ್ಲಿಗೆ?

ದೋಸೆಯೊಂದೇ ಅಲ್ಲ. ಒಮ್ಮೆ ಅಡುಗೆಮನೆಯಲ್ಲಿ ನಿಂತು ಸುತ್ತ ಕಣ್ಣಾಡಿಸಿ. ಜರಡಿ, ಚಹಾ ಸೋಸುವ ಜಾಲರಿ, ಮೊಸರು ಕಟ್ಟಿ ನೇತುಹಾಕುವ ಬಟ್ಟೆ, ಇಡ್ಲಿ ತಟ್ಟೆಯ ಮೇಲೆ ಹಾಸುವ ತೆಳ್ಳನೆಯ ಪಂಚೆಯ ತುಂಡು, ಬಚ್ಚಲಲ್ಲಿ ಮೈ ಉಜ್ಜಲು ಇಟ್ಟ ಒಣಗಿದ ಹೀರೇಕಾಯಿಯ ನಾರು. ನಮ್ಮ ಸಂಸಾರದ ಅರ್ಧ ಕೆಲಸವನ್ನು ಮಾಡುವುದು ವಸ್ತುವಲ್ಲ, ವಸ್ತುವಿನ ನಡುವೆ ಬಿಟ್ಟ ಜಾಗ. ಈ ಮಾತು ಎಷ್ಟು ನಿಜ ಎಂಬುದು ನನಗೆ ತಿಳಿದದ್ದು ಮಾತ್ರ ಅಡುಗೆಮನೆಯಲ್ಲಲ್ಲ, ನಮ್ಮತ್ತೆಯ ಕಾಲ ಬುಡದಲ್ಲಿ ಕೂತಾಗ.

2018ರ ಬೇಸಿಗೆಯಲ್ಲಿ ನಮ್ಮತ್ತೆಯ ಕಾಲಿಗೆ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿತು. ಜಗಳೂರಿನ ಸುತ್ತಮುತ್ತ ಹುಟ್ಟಿ ಬೆಳೆದವರಿಗೆ ಜಾಲಿ ಮುಳ್ಳು ಹೊಸದೇನಲ್ಲ. ಮಳೆಗಾಗಿ ಮುಗಿಲು ನೋಡುತ್ತ ಕೂರುವ ತಾಲ್ಲೂಕು ನಮ್ಮದು. ಬೆಳೆ ಬರಲಿ ಬಿಡಲಿ, ಜಾಲಿ ಮಾತ್ರ ತಪ್ಪದೆ ಬರುತ್ತದೆ. ಹೊಲಕ್ಕೆ ಹೋದವರು ಸಂಜೆ ಕಟ್ಟೆಯ ಮೇಲೆ ಕೂತು ಪಿನ್ನಿನಿಂದ ಮುಳ್ಳು ಕೀಳುವುದು ಇಲ್ಲಿ ಎಲೆ ಅಡಿಕೆ ಹಾಕಿಕೊಂಡಷ್ಟೇ ಸಹಜ. ಆದರೆ ನಮ್ಮತ್ತೆಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಆ ಕಾಯಿಲೆಯ ಒಂದು ಕಳ್ಳಬುದ್ಧಿ ನೋಡಿ, ಅದು ಮೊದಲು ಪಾದದ ನರಗಳ ಬಾಯಿ ಮುಚ್ಚಿಸುತ್ತದೆ. ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಾಲ್ಕು ದಿನದ ಮೇಲೆ ಚಪ್ಪಲಿಯಲ್ಲಿ ಕೀವು ಕಂಡಾಗಲೇ ಮನೆಯಲ್ಲಿ ಗಾಬರಿಯಾದದ್ದು.

ಮೊದಲು ತೋರಿಸಿದ ಕಡೆ ಒಣಬಟ್ಟೆಯ ಪಟ್ಟಿ ಕಟ್ಟಿ ಕಳಿಸಿದರು. ಮರುದಿನ ಅದನ್ನು ಸರಕ್ಕನೆ ಎಳೆದು ಕಿತ್ತಾಗ ಬಟ್ಟೆಯ ಜೊತೆಗೆ ಹೊಸದಾಗಿ ಹುಟ್ಟಿದ್ದ ಚರ್ಮವೂ ಕಿತ್ತು ಬಂತು. ಹೀಗೇ ಎರಡು ವಾರ. ಆಮೇಲೆ ದಾವಣಗೆರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ದೊಡ್ಡ ಡಾಕ್ಟರು ಗಾಯ ನೋಡಿ, ಕಪ್ಪಾಗಿದ್ದ ಎರಡು ಬೆರಳು ಉಳಿಯುವುದಿಲ್ಲ, ಪಾದ ಉಳಿಸಲು ನೋಡೋಣ ಎಂದರು. ‘ನೋಡೋಣ’ ಎಂಬ ಮಾತಿನಲ್ಲಿ ಎಷ್ಟು ದೊಡ್ಡ ಕತ್ತಲೆ ಇರುತ್ತದೆ ಎಂಬುದು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತವರಿಗೇ ಗೊತ್ತು. ನಮ್ಮತ್ತೆ ಮಾತ್ರ ಅಳಲಿಲ್ಲ. ‘ಎರಡು ಬೆರಳು ಹೋದ್ರೆ ಹೋಗ್ಲಿ ಬಿಡವ್ವ. ಕಾಲೊಂದು ಇರ್ಲಿ. ಬಚ್ಚಲಿಗೆ ನಿನ್ನ ಕೈ ಹಿಡ್ಕೊಂಡು ಹೋಗೋ ಹಂಗೆ ಆಗಬಾರ್ದು’ ಎಂದರು. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಬೆಂದ ಅತ್ತೆ ಸೊಸೆ ನಾವು. ನನ್ನ ಕೈ ಹಿಡಿಯುವುದು ಅವರಿಗೆ ಬೆರಳು ಕಳೆದುಕೊಳ್ಳುವುದಕ್ಕಿಂತ ಕಷ್ಟ ಎಂಬುದು ನನಗೆ ತಿಳಿದದ್ದೇ.

ಬೆರಳು ತೆಗೆದ ಮೇಲೆ ದಿನಾ ಡ್ರೆಸಿಂಗ್ ಆಗಬೇಕಿತ್ತು. ಜಗಳೂರಿನಿಂದ ದಾವಣಗೆರೆಗೆ ಹತ್ತಿರ ಹತ್ತಿರ ಐವತ್ತು ಕಿಲೋಮೀಟರು. ದಿನಾ ಬಸ್ಸಿನಲ್ಲಿ ಕರೆದೊಯ್ಯುವುದು ಆಗುವ ಮಾತಲ್ಲ. ಅಲ್ಲಿದ್ದ ಹಿರಿಯ ಸಿಸ್ಟರ್ ಒಬ್ಬರು ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ‘ಗಾಜ್ ತಗೊಳ್ಳಿ’ ಎಂದರು ಅವರು. ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಅತ್ತೆ ದಿಗ್ಗನೆ ಎದ್ದು ಕೂತರು. ‘ಏನು, ಗಾಯದ ಮ್ಯಾಲೆ ಗಾಜು ಇಡ್ತೀರೇನು?’ ವಾರ್ಡೆಲ್ಲ ನಕ್ಕಿತು. ಆಸ್ಪತ್ರೆಯವರು ಗಾಜ್ ಎನ್ನುವುದು ಒಡೆಯುವ ಗಾಜಲ್ಲ, ಬಲೆಯಂತೆ ಸಡಿಲವಾಗಿ ನೇಯ್ದ ಹತ್ತಿಬಟ್ಟೆ ಎಂದು ತೋರಿಸಿದ ಮೇಲೆ ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ಬಟ್ಟೆ ಅಲ್ಲ, ಬರೀ ತೂತು. ಇದಕ್ಕೂ ರೊಕ್ಕ ತಗೋತಾರೆ’ ಎಂದರು.

ಬರೀ ತೂತೇ ನಿಜ. ಗುಣ ಇರುವುದೂ ಅದರಲ್ಲೇ. ಸಿಸ್ಟರ್ ಹೇಳಿಕೊಟ್ಟದ್ದು ಇಷ್ಟು. ಗಾಯದ ಕೆಟ್ಟ ನೀರು ತೂತಿನಲ್ಲಿ ಮೇಲೆ ಏರಬೇಕು, ಒಳಗೆ ಹಸಿ ಆರಬಾರದು. ಗಾಜನ್ನು ಸಲೈನಿನಲ್ಲಿ ನೆನೆಸಿ, ಹಿಂಡಿ, ಗಾಯದ ತಗ್ಗಿನಲ್ಲಿ ಸಡಿಲವಾಗಿ ತುಂಬಬೇಕು. ಮೂಟೆಗೆ ಹುಲ್ಲು ತುರುಕಿದಂತೆ ತುರುಕಬಾರದು. ತೆಗೆಯುವಾಗ ಅಂಟಿಕೊಂಡಿದ್ದರೆ ಮತ್ತೆ ನೆನೆಸಬೇಕು. ಗಾಯ ಒಣಗಿದಷ್ಟೂ ಒಳ್ಳೆಯದು ಎಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, 1962ರಲ್ಲಿ, ಇಂಗ್ಲೆಂಡಿನ ಜಾರ್ಜ್ ವಿಂಟರ್ ಎಂಬವರು ಹಂದಿಗಳ ಮೇಲೆ ಪ್ರಯೋಗ ಮಾಡಿ, ತೇವ ಕಾಪಾಡಿದ ಗಾಯದ ಮೇಲೆ ಚರ್ಮ ಬೇಗ ಹರಡುತ್ತದೆ ಎಂದು ತೋರಿಸಿಕೊಟ್ಟರಂತೆ. ಒಣ ಗಾಯದಲ್ಲಿ ಹೊಸ ಚರ್ಮಕ್ಕೆ ನಡೆಯಲು ದಾರಿಯಿಲ್ಲ. ಹಸಿ ನೆಲದಲ್ಲಾದರೆ ಅದು ತೆವಳಿಕೊಂಡು ಹೋಗುತ್ತದೆ. ಬಿತ್ತನೆಯ ಹದ ಬಲ್ಲ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಗಾಯದ ತಳದಲ್ಲಿ ಕೆಂಪು ಕೆಂಪಾದ ಸಣ್ಣ ಕಾಳುಗಳು ಕಂಡವು. ದಾಳಿಂಬೆ ಸಿಗಿದು ನೋಡಿದ ಹಾಗೆ. ಹೆದರಿ ಫೋನು ಮಾಡಿದರೆ ಸಿಸ್ಟರ್ ಖುಷಿಯಿಂದ, ‘ಅದೇ ಕಣ್ರೀ ನಮಗೆ ಬೇಕಾಗಿದ್ದು. ಒಳಗಿಂದ ಮಾಂಸ ತುಂಬ್ತಾ ಇದೆ’ ಎಂದರು. ಬಟ್ಟೆ ಗಾಯವನ್ನು ವಾಸಿ ಮಾಡಿರಲಿಲ್ಲ. ವಾಸಿ ಮಾಡಿಕೊಳ್ಳುತ್ತಿದ್ದದ್ದು ಅತ್ತೆಯ ಮೈ. ಬಟ್ಟೆ ಮಾಡಿದ್ದು ಎಂದರೆ ಜಾಗ ಬಿಟ್ಟುಕೊಟ್ಟು, ಕೊಳೆಯನ್ನು ಹೀರಿ, ತೇವ ಕಾದು ಕೂತದ್ದು ಅಷ್ಟೇ.

ಆ ಹೊತ್ತಿಗೆ ಸರಿಯಾಗಿ ನನ್ನ ತಂಗಿಯ ಮಗಳು ರಜೆಗೆ ಬಂದಳು. ಬೆಂಗಳೂರಿನಲ್ಲಿ ಎಂಥದೋ ಜೈವಿಕ ಎಂಜಿನಿಯರಿಂಗ್ ಓದುತ್ತಿದ್ದಾಳೆ. ನಾನು ಡ್ರೆಸಿಂಗ್ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿ, ‘ದೊಡ್ಡಮ್ಮ, ನೀವು ಮಾಡ್ತಿರೋದನ್ನೇ ನಾವು ಲ್ಯಾಬಿನಲ್ಲಿ ದೊಡ್ಡ ಹೆಸರಿಟ್ಟು ಓದ್ತೀವಿ’ ಎಂದಳು. ಹದಿನೈದು ದಿನ ಇದ್ದಳು. ಅವರೆಕಾಳು ಸುಲಿಯುತ್ತ, ರೊಟ್ಟಿ ಬಡಿಯುತ್ತ ಅವಳು ಹೇಳಿದ್ದನ್ನು ನನಗೆ ತಿಳಿದ ಭಾಷೆಯಲ್ಲಿ ನಿಮಗೂ ಹೇಳುತ್ತೇನೆ.

ಎಲ್ಲಕ್ಕೂ ಮೂಲ ಸೆಲ್ಯುಲೋಸ್ ಎಂಬ ವಸ್ತು. ಫ್ರಾನ್ಸಿನ ಆನ್ಸೆಲ್ಮ್ ಪೇಯನ್ ಎಂಬ ರಸಾಯನಶಾಸ್ತ್ರಜ್ಞ 1838ರಲ್ಲಿ ಅದನ್ನು ಗುರುತಿಸಿದ. ಗಿಡಮರಗಳ ಮೈಯ ಗೋಡೆಯೆಲ್ಲ ಅದರದ್ದೇ. ಕಟ್ಟಿಗೆಯಲ್ಲಿ ಸುಮಾರು ಅರ್ಧ ಪಾಲು ಅದು. ನಮ್ಮ ಹತ್ತಿಯ ಎಳೆಯಲ್ಲಾದರೆ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು. ಬೆರಗಿನ ಸಂಗತಿ ಎಂದರೆ ಸೆಲ್ಯುಲೋಸ್ ಸಕ್ಕರೆಯ ಸರಪಳಿ. ಗ್ಲುಕೋಸಿನ ಕೊಂಡಿಗಳನ್ನು ಒಂದು ರೀತಿ ಜೋಡಿಸಿದರೆ ಜೋಳದ ಹಿಟ್ಟು, ಇನ್ನೊಂದು ರೀತಿ ಜೋಡಿಸಿದರೆ ಹತ್ತಿಯ ನೂಲು. ಮೊದಲನೆಯದನ್ನು ನಮ್ಮ ಹೊಟ್ಟೆ ಕರಗಿಸಬಲ್ಲದು, ಎರಡನೆಯದನ್ನು ಕರಗಿಸಲಾರದು. ದನಗಳಿಗಾದರೆ ಹೊಟ್ಟೆಯೊಳಗೆ ಅದಕ್ಕೆಂದೇ ಸೂಕ್ಷ್ಮಜೀವಿಗಳಿವೆ. ಹಾಗಾಗಿ ಅವು ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರನ್ನೂ ಬಿಡುವುದಿಲ್ಲ.

ಇದನ್ನು ಕೇಳಿ ಅತ್ತೆ ಸುಮ್ಮನೆ ಕೂತಿದ್ದರು. ಆಮೇಲೆ, ‘ಹಂಗಾದ್ರೆ ಸಕ್ಕರೆಯಿಂದ ಆದ ಹುಣ್ಣಿಗೆ ಸಕ್ಕರೆದೇ ಬಟ್ಟೆ ಕಟ್ಟಿದಂಗಾಯ್ತು. ಮುಳ್ಳಿನಿಂದ ಮುಳ್ಳು ತೆಗೆದಂಗೆ’ ಎಂದರು. ಹುಡುಗಿ ಬಿದ್ದು ಬಿದ್ದು ನಕ್ಕು, ಇದನ್ನು ತನ್ನ ಪಾಠದ ಪುಸ್ತಕದಲ್ಲಿ ಬರೆದುಕೊಂಡಳು.

ಹತ್ತಿ ನಮಗೆ ದೂರದ್ದಲ್ಲ. ನಾನು ಮದುವೆಯಾಗಿ ಬಂದಾಗ ಮಾವನವರು ಎರಡೆಕರೆ ಹತ್ತಿ ಹಾಕುತ್ತಿದ್ದರು. ಧಾರವಾಡದ ವಿಜ್ಞಾನಿಗಳು 1972ರಲ್ಲಿ ಬಿಡುಗಡೆ ಮಾಡಿದ ‘ವರಲಕ್ಷ್ಮಿ’ ಎಂಬ ಉದ್ದನೆಯ ಎಳೆಯ ಹತ್ತಿಯ ಮಾತನ್ನು ಅವರು ಮನೆಮಗಳ ಮಾತಿನಂತೆ ಆಡುತ್ತಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮ ಹೊಲದಲ್ಲೂ ಹತ್ತಿಯ ಜಾಗಕ್ಕೆ ಮೆಕ್ಕೆಜೋಳ ಬಂತು. ಆದರೂ ಹೂಬತ್ತಿ ಹೊಸೆಯಲು ಅತ್ತೆ ಬದುವಿನಲ್ಲಿ ಹತ್ತು ಗಿಡ ಬಿಟ್ಟುಕೊಳ್ಳುತ್ತಾರೆ. ಆ ಹತ್ತಿಯನ್ನು ಒಂದು ಲೋಟ ನೀರಿನಲ್ಲಿ ಹಾಕಿ ನೋಡಿ. ತೇಲುತ್ತದೆ. ಅದರ ಮೈಮೇಲೆ ಮೇಣವಿರುತ್ತದೆ. ಔಷಧಿ ಅಂಗಡಿಯ ಹತ್ತಿಯಾದರೆ ಹತ್ತು ಸೆಕೆಂಡಿನೊಳಗೆ ನೀರು ಕುಡಿದು ಮುಳುಗಬೇಕೆಂದು ನಿಯಮವೇ ಇದೆ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಮೇಣ ತೆಗೆದು, ಬಿಳುಪು ಮಾಡಿದ ಮೇಲೆ ಅದಕ್ಕೆ ಆ ಗುಣ. ಹಬ್ಬದ ಹಿಂದಿನ ದಿನ ಹಂಡೆಯಲ್ಲಿ ಹಚ್ಚಡ ಕುದಿಸುತ್ತಿದ್ದ ಹಾಗೆಯೇ.

ಗಾಯಕ್ಕೆ ಹತ್ತಿಬಟ್ಟೆ ಕಟ್ಟುವುದು ನಮ್ಮ ದೇಶಕ್ಕೆ ಬಹಳ ಹಳೆಯ ವಿದ್ಯೆ. ಸುಶ್ರುತ ಸಂಹಿತೆಯಲ್ಲಿ ಹದಿನಾಲ್ಕು ಬಗೆಯ ಪಟ್ಟಿಗಳ ವಿವರವಿದೆ. ಕಟ್ಟುವ ಬಟ್ಟೆಗಳಲ್ಲಿ ಹತ್ತಿಯೂ ಇದೆ, ಗಾಯದ ಮೇಲಿಡುವ ಎಲೆಗಳ ಮಾತೂ ಇದೆ. ಎಲೆ ಎಂದಾಗ ನೆನಪಾಯಿತು. ಮುಂಬಯಿಯ ವೈದ್ಯರು ಬಾಳೆ ಎಲೆಯನ್ನು ಶುದ್ಧಗೊಳಿಸಿ ಸುಟ್ಟಗಾಯಗಳಿಗೆ ಹಾಸಿ, ಅದು ಅಂಟಿಕೊಳ್ಳುವುದಿಲ್ಲ, ಬಿಚ್ಚುವಾಗ ನೋವಿಲ್ಲ ಎಂದು 2003ರಲ್ಲಿ ಬರೆದರು. ಊಟಕ್ಕೆ ಹಾಸುವ ಎಲೆಯೇ ಬೆಂದ ಮೈಗೂ ಹಾಸಿಗೆಯಾದದ್ದು ಕೇಳಿ ನನಗೇಕೋ ಕಣ್ಣು ತುಂಬಿತು. ಅಡುಗೆಮನೆಯಲ್ಲಿ ಸುಟ್ಟುಕೊಳ್ಳುವವರು ಹೆಚ್ಚಾಗಿ ಯಾರು ಎಂಬುದು ನಮಗೆಲ್ಲ ಗೊತ್ತಲ್ಲ.

ಇನ್ನು ತಂಗಿಯ ಮಗಳ ಲ್ಯಾಬಿನ ವಿಷಯ. ನಮ್ಮ ಹಿತ್ತಲಲ್ಲಿ ಹೀರೇಬಳ್ಳಿಗೆ ಚಪ್ಪರ ಹಾಕಿದ್ದೇವೆ. ಚಪ್ಪರ ಕಾಯಿ ಬಿಡುವುದಿಲ್ಲ, ಹೂ ಬಿಡುವುದಿಲ್ಲ. ಆದರೆ ಅದಿಲ್ಲದೆ ಬಳ್ಳಿ ನೆಲದಲ್ಲೇ ಸುತ್ತಿಕೊಂಡು ಕೊಳೆಯುತ್ತದೆ. ನಮ್ಮ ಮೈಯ ಜೀವಕೋಶಗಳೂ ಹಾಗೆಯೇ. ಒಂದು ತಟ್ಟೆಯಲ್ಲಿ ಬಿಟ್ಟರೆ ಚಾಪೆಯಂತೆ ಚಪ್ಪಟೆಯಾಗಿ ಹರಡುತ್ತವೆ. ಚರ್ಮವೋ ಮೂಳೆಯೋ ಆಗಬೇಕಾದರೆ ಅವಕ್ಕೆ ಹತ್ತಲು, ಇಳಿಯಲು, ಕೈಕೈ ಹಿಡಿಯಲು ಚಪ್ಪರ ಬೇಕು. ಆ ಚಪ್ಪರದ ತುಂಬ ತೂತಿರಬೇಕು. ಒಂದರೊಳಗೊಂದು ಸೇರಿಕೊಂಡ ತೂತುಗಳು. ಅದರಲ್ಲೇ ಜೀವಕೋಶ ಒಳಗೆ ಹೋಗಬೇಕು, ಅನ್ನ ನೀರು ಹೋಗಬೇಕು, ಕಸ ಹೊರಗೆ ಬರಬೇಕು, ಕಡೆಗೆ ರಕ್ತನಾಳವೂ ನುಸುಳಬೇಕು. ತೂತಿನ ಅಳತೆಗೂ ಲೆಕ್ಕವಿದೆ. ಮೂಳೆಗಾದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ಮೂರು ಭಾಗದವರೆಗೆ, ಎಂದರೆ ಒಂದು ದಪ್ಪ ಕೂದಲಿನಿಂದ ಮೂರು ಕೂದಲಿನಷ್ಟು ಅಗಲ. ಚರ್ಮಕ್ಕೆ ಇನ್ನೂ ಸಣ್ಣದು ಸಾಕು.

ಅಂಥ ತೂತು ಮಾಡುವ ಉಪಾಯಗಳು ನಮ್ಮ ಅಡುಗೆಯನ್ನೇ ಹೋಲುತ್ತವೆ. ಸೆಲ್ಯುಲೋಸನ್ನು ನೀರಿನಲ್ಲಿ ಗಂಜಿಯಂತೆ ಕಲಸಿ ಹೆಪ್ಪುಗಟ್ಟಿಸುತ್ತಾರೆ. ಒಳಗೆ ಮಂಜಿನ ಹರಳು ಬೆಳೆಯುತ್ತದೆ. ಆಮೇಲೆ ಗಾಳಿ ತೆಗೆದ ಪೆಟ್ಟಿಗೆಯಲ್ಲಿಟ್ಟರೆ ಮಂಜು ಕರಗದೆಯೇ ಆವಿಯಾಗಿ ಹಾರಿಹೋಗುತ್ತದೆ. ಹರಳಿದ್ದ ಕಡೆಯೆಲ್ಲ ತೂತು ಉಳಿಯುತ್ತದೆ. ಇನ್ನೊಂದು ಉಪಾಯದಲ್ಲಿ ಉಪ್ಪಿನ ಕಾಳು ಬೆರೆಸಿ ಗಟ್ಟಿ ಮಾಡಿ, ಆಮೇಲೆ ನೀರಿನಲ್ಲಿ ತೊಳೆಯುತ್ತಾರೆ. ಉಪ್ಪು ಕರಗುತ್ತದೆ, ಅದರ ಮನೆ ಖಾಲಿ ಉಳಿಯುತ್ತದೆ.

ಕೆಲವರು ಈ ಕಷ್ಟವೂ ಬೇಡ, ಗಿಡವೇ ತೂತು ಮಾಡಿ ಇಟ್ಟಿದೆಯಲ್ಲ ಎಂದುಕೊಂಡರು. ಕೆನಡಾದ ಒಟ್ಟಾವ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಪೆಲ್ಲಿಂಗ್ ಮತ್ತು ಅವರ ಜೊತೆಯವರು ಸೇಬಿನ ಹೋಳನ್ನು ಸೋಪಿನಂಥ ದ್ರಾವಣದಲ್ಲಿ ತೊಳೆದು, ಅದರ ಜೀವಕೋಶಗಳನ್ನೆಲ್ಲ ಕಳೆದು, ಬರೀ ಸೆಲ್ಯುಲೋಸಿನ ಗೂಡು ಉಳಿಸಿಕೊಂಡರು. ಅದರಲ್ಲಿ ಪ್ರಾಣಿಗಳ ಜೀವಕೋಶ ಬೆಳೆಸಿ 2014ರಲ್ಲಿ ಪ್ರಕಟಿಸಿದರು. 2016ರಲ್ಲಿ ಆ ಗೂಡನ್ನು ಇಲಿಗಳ ಚರ್ಮದಡಿ ಇಟ್ಟಾಗ ಅದರೊಳಗೆ ರಕ್ತನಾಳಗಳು ಬೆಳೆದಿದ್ದವು. ಸೇಬನ್ನು ಕಿವಿಯ ಆಕಾರಕ್ಕೆ ಕೆತ್ತಿಕೊಟ್ಟವರು ಪೆಲ್ಲಿಂಗರ ಹೆಂಡತಿ. ವಾದ್ಯಗಳನ್ನು ಮಾಡುವ ಕೈ ಅವರದು. ಅಮೆರಿಕದ ವೂಸ್ಟರ್ ಪಾಲಿಟೆಕ್ನಿಕ್ ಸಂಸ್ಥೆಯವರು 2017ರಲ್ಲಿ ಪಾಲಕ್ ಸೊಪ್ಪಿನ ಎಲೆಯನ್ನು ಹೀಗೆಯೇ ತೊಳೆದು, ಗಾಜಿನಂತೆ ತಿಳಿಯಾದ ಆ ಎಲೆಯ ಮೇಲೆ ಹೃದಯದ ಜೀವಕೋಶಗಳನ್ನು ಬಿಟ್ಟರು. ಅವು ಎಲೆಯ ಮೇಲೆ ಮಿಡಿದವು! ಎಲೆಯ ನರಗಳಲ್ಲಿ ರಕ್ತದಂಥ ದ್ರವವೂ ಹರಿಯಿತು. ಇವೆಲ್ಲ ಪ್ರಯೋಗಶಾಲೆಯ ಮಾತು. ನಾಳೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಪಾಲಕ್ ಹೃದಯ ಸಿಗುತ್ತದೆ ಎಂದು ಯಾರೂ ತಿಳಿಯಬಾರದು.

ಆದರೆ ಈಗಾಗಲೇ ಮೈಗೆ ಬಂದ ಸೆಲ್ಯುಲೋಸೂ ಕಡಿಮೆಯಿಲ್ಲ. ಎಳನೀರಿನಂಥ ಸಿಹಿನೀರಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಹಾಲಿನ ಕೆನೆಯಂತೆ ಸೆಲ್ಯುಲೋಸಿನ ಪದರ ಕಟ್ಟುತ್ತದೆ. ಅದನ್ನು ತೊಳೆದು ಸುಟ್ಟಗಾಯಕ್ಕೆ ಮುಚ್ಚುವುದು ಬ್ರೆಜಿಲಿನಲ್ಲಿ 1980ರ ದಶಕದಲ್ಲೇ ಶುರುವಾಯಿತು. ಕಣ್ಣು ಒಣಗುವವರಿಗೆ ಡಾಕ್ಟರು ಬರೆದುಕೊಡುವ ಎಷ್ಟೋ ಹನಿಗಳಲ್ಲಿ ಇರುವುದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ನೀರು ಕುಡಿದು ಲೋಳೆಯಾಗುವ ಹೊಸ ಬಗೆಯ ಡ್ರೆಸಿಂಗುಗಳೂ ಅದರವೇ. ಅವು ಅಂಟುವುದಿಲ್ಲ, ಬೆಲೆ ಮಾತ್ರ ಅಂಟುತ್ತದೆ. ಡಯಾಲಿಸಿಸ್ ಎಂಬ ಮಾತು ಈಗ ನಮ್ಮ ತಾಲ್ಲೂಕಿನ ಹಳ್ಳಿಹಳ್ಳಿಗೂ ಗೊತ್ತು. ಹಾಲೆಂಡಿನ ಡಾಕ್ಟರ್ ವಿಲೆಮ್ ಕಾಲ್ಫ್, ಯುದ್ಧದ ನಡುವೆ 1943ರಲ್ಲಿ, ಮಾಂಸದ ಸಾಸೇಜಿಗೆ ಸುತ್ತುವ ಸೆಲ್ಲೋಫೇನ್ ಕೊಳವೆಯಿಂದ ರಕ್ತ ಸೋಸುವ ಯಂತ್ರ ಕಟ್ಟಿದರು. ಸೆಲ್ಲೋಫೇನ್ ಎಂದರೂ ಸೆಲ್ಯುಲೋಸೇ. ಅದರ ಕಾಣದ ತೂತಿನಲ್ಲಿ ಕೊಳೆ ಹೊರಗೆ ಹೋಗುತ್ತದೆ, ರಕ್ತಕಣ ಒಳಗೇ ಉಳಿಯುತ್ತದೆ. ಮೊದಮೊದಲ ರೋಗಿಗಳು ಬದುಕಲಿಲ್ಲ. 1945ರಲ್ಲಿ ಬದುಕಿದ ಮೊದಲನೆಯವರು 67 ವರ್ಷದ ಒಬ್ಬ ಹೆಂಗಸು. ಈಗಿನ ಯಂತ್ರಗಳಲ್ಲಿ ಬಹುಮಟ್ಟಿಗೆ ಬೇರೆ ಕೃತಕ ಪೊರೆಗಳಿವೆ, ಆದರೆ ಜರಡಿಯ ನ್ಯಾಯ ಅದೇ.

ಹೆಂಗಸರ ಹೆಸರು ಬಂದಾಗ ಇನ್ನೊಬ್ಬರನ್ನು ನೆನೆಯಬೇಕು. ವರ್ಜೀನಿಯಾ ನೀಲ್ಯಾಂಡ್ ಫ್ರಾಂಟ್ಸ್. 1922ರಲ್ಲಿ ನ್ಯೂಯಾರ್ಕಿನ ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿಗೆ ಸೇರಿದ ಮೊದಲ ಹೆಂಗಸು. ಹತ್ತಿಯ ಗಾಜನ್ನು ರಾಸಾಯನಿಕವಾಗಿ ಮಾರ್ಪಡಿಸಿದರೆ ಅದು ರಕ್ತ ನಿಲ್ಲಿಸುತ್ತದೆ, ಆಮೇಲೆ ಮೈಯಲ್ಲೇ ಕರಗಿಹೋಗುತ್ತದೆ ಎಂದು 1940ರ ದಶಕದಲ್ಲಿ ತೋರಿಸಿದವರು ಅವರು. ಕರಗದ ಸೆಲ್ಯುಲೋಸನ್ನು ಕರಗುವಂತೆ ಮಾಡಿದ್ದು ಸಣ್ಣ ಮಾತಲ್ಲ. ಹೊಟ್ಟೆ ಕೊಯ್ದು ರಕ್ತ ನಿಲ್ಲದಿದ್ದಾಗ ಒಳಗೇ ಬಿಟ್ಟು ಹೊಲಿಯಬಹುದಾದ ಬಟ್ಟೆ ಅದು.

ಇನ್ನೊಂದು ಕಥೆಯಂತೂ ನಮ್ಮದೇ. ಮೊದಲ ಮಹಾಯುದ್ಧದಲ್ಲಿ ಹತ್ತಿಗೆ ಬರ ಬಂದು, ಮರದ ತಿರುಳಿನ ಸೆಲ್ಯುಲೋಸಿನಿಂದ ಸೈನಿಕರ ಗಾಯಕ್ಕೆ ಮೆತ್ತೆ ಮಾಡಿದರು. ಅದು ಹತ್ತಿಗಿಂತ ಹೆಚ್ಚು ಹೀರುತ್ತಿತ್ತು. ರಣರಂಗದ ಆಸ್ಪತ್ರೆಯ ನರ್ಸುಗಳು ಅದನ್ನು ಸದ್ದಿಲ್ಲದೆ ತಮ್ಮ ತಿಂಗಳ ದಿನಗಳಿಗೂ ಬಳಸಿಕೊಂಡರು. ಯುದ್ಧ ಮುಗಿದ ಮೇಲೆ ಕಂಪನಿ 1920ರಲ್ಲಿ ಅದನ್ನೇ ಕೋಟೆಕ್ಸ್ ಎಂಬ ಹೆಸರಿನಲ್ಲಿ ಮಾರಿತು. ಬಾಯಿಬಿಟ್ಟು ಕೇಳಲು ಹೆಂಗಸರು ನಾಚುತ್ತಾರೆಂದು ಅಂಗಡಿಗಳಲ್ಲಿ ಒಂದು ಡಬ್ಬಿ ಇಡುತ್ತಿದ್ದರಂತೆ. ದುಡ್ಡು ಹಾಕಿ ಪೆಟ್ಟಿಗೆ ಎತ್ತಿಕೊಂಡು ಹೋಗಬಹುದು. ನೂರು ವರ್ಷದ ಮೇಲೂ ನಮ್ಮೂರ ಅಂಗಡಿಯಲ್ಲಿ ಅದನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿನಲ್ಲಿ ಹಾಕಿ ಕೊಡುತ್ತಾರೆ. ಗಂಡಸರ ಗಾಯಕ್ಕೆ ಕಟ್ಟಿದರೆ ವೀರಪಟ್ಟಿ, ನಮಗಾದರೆ ಕಪ್ಪು ಕವರು!

ಅತ್ತೆಯ ಕಾಲದಲ್ಲಿ ಹಳೆ ಸೀರೆಯ ತುಂಡನ್ನು ಒಗೆದು, ದನದ ಕೊಟ್ಟಿಗೆಯ ಮೂಲೆಯಲ್ಲಿ, ಬಿಸಿಲು ತಾಗದ ಕಡೆ ಒಣಹಾಕುತ್ತಿದ್ದರಂತೆ. ‘ಬಟ್ಟೆಗೆ ಬಿಸಿಲು ತೋರ್ಸಿದ್ರೆ ಯಾರ ಗಂಟು ಹೋಗ್ತಿತ್ತೋ’ ಎಂದು ಅವರು ಒಂದು ದಿನ ಪಟ್ಟಿ ಕಟ್ಟಿಸಿಕೊಳ್ಳುತ್ತಲೇ ಹೇಳಿದರು. ಅಂಥ ಮಾತನ್ನು ಅವರು ನನ್ನೆದುರು ಆಡಿದ್ದು ಅದೇ ಮೊದಲು. ದಿನಾ ಅರ್ಧ ಗಂಟೆ ಒಬ್ಬರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಯಾವ ಮಾತು ತಾನೇ ಒಳಗೇ ಉಳಿಯುತ್ತದೆ? ಹೆತ್ತ ಎರಡನೆಯ ಕೂಸನ್ನು ಕಳೆದುಕೊಂಡದ್ದು, ಮಾವನವರು ಹತ್ತಿಯ ಸಾಲಕ್ಕೆ ಅವರ ಸರ ಅಡವಿಟ್ಟದ್ದು, ನಾನು ಬಂದ ಹೊಸತರಲ್ಲಿ ನನಗೆ ಅಡುಗೆ ಬಿಟ್ಟುಕೊಡಲು ಅವರಿಗೆ ಹೆದರಿಕೆಯಾದದ್ದು, ಎಲ್ಲ ಒಂದೊಂದಾಗಿ ಬಂತು. ನಾನು ಉತ್ತರ ಕೊಡಲು ಹೋಗುತ್ತಿರಲಿಲ್ಲ. ಸಲೈನಿನಲ್ಲಿ ನೆನೆಸಿ, ಸಡಿಲವಾಗಿ ಇಡುತ್ತಿದ್ದೆ.

ಐದು ತಿಂಗಳಿಗೆ ಗಾಯ ಮುಚ್ಚಿತು. ಎರಡು ಬೆರಳಿಲ್ಲ, ಪಾದ ಇದೆ. ಈಗ ಅತ್ತೆ ಕೈಕನ್ನಡಿ ಹಿಡಿದು ದಿನಾ ರಾತ್ರಿ ಪಾದದ ಅಡಿ ನೋಡಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯ ಹೆಂಗಸರು ಕಟ್ಟೆಗೆ ಬಂದು ಕೂತರೆ ಅವರಿಗೂ ಕನ್ನಡಿ ಕೊಟ್ಟು ನೋಡಿಸುತ್ತಾರೆ. ನೀವೂ ನೋಡಿಕೊಳ್ಳಿ, ಮನೆಯ ಹಿರಿಯರ ಪಾದವನ್ನೂ ನೋಡಿ. ಮೆತ್ತನೆಯ ಚಪ್ಪಲಿ ಇಲ್ಲದೆ ಹಿತ್ತಲಿಗೂ ಹೋಗಬೇಡಿ. ನೋವಿಲ್ಲವೆಂದು ಸುಮ್ಮನಿರಬೇಡಿ, ಆ ಕಾಯಿಲೆಯಲ್ಲಿ ನೋವಿಲ್ಲದಿರುವುದೇ ಅಪಾಯದ ಗುರುತು. ಕೈಗೆ ಸಿಕ್ಕ ಹಳೆ ಸೀರೆಯ ತುಂಡನ್ನು ಕಟ್ಟಿ ದಿನ ದೂಡುವುದೂ ಬೇಡ. ಹತ್ತಿಯ ಗುಣ ಅದರಲ್ಲಿದ್ದರೂ ಕೊಳೆಯೂ ಇರುತ್ತದೆ. ಶುದ್ಧವಾದ ಗಾಜು ಕಡಿಮೆ ಬೆಲೆಗೇ ಸಿಗುತ್ತದೆ. ಅದನ್ನು ಹೇಗೆ ಇಡಬೇಕೆಂದು ಆಸ್ಪತ್ರೆಯವರಿಂದ ಕಲಿಯಿರಿ.

ಮೊನ್ನೆ ತಂಗಿಯ ಮಗಳು ಮತ್ತೆ ಬಂದಿದ್ದಳು. ಚಪ್ಪರದಲ್ಲಿ ಬೀಜಕ್ಕೆಂದು ಬಿಟ್ಟಿದ್ದ ಹೀರೇಕಾಯಿಗಳು ಒಣಗಿ ಗಲಗಲ ಎನ್ನುತ್ತಿದ್ದವು. ಅದರ ನಾರಿನ ಜಾಲದಲ್ಲೂ ಜೀವಕೋಶ ಬೆಳೆಸಿ ನೋಡಿದ್ದಾರೆ, ನನಗೂ ಒಂದೆರಡು ಬೇಕು ಎಂದಳು. ಅತ್ತೆ ಕೋಲೂರಿಕೊಂಡು ತಾವೇ ಹಿತ್ತಲಿಗೆ ಹೋಗಿ ನಾಲ್ಕು ಕಾಯಿ ಕಿತ್ತು ತಂದರು. ಸಿಪ್ಪೆ ಸುಲಿದು, ಮೊರದ ಮೇಲೆ ಬಡಿದು, ಒಂದು ಬೀಜವೂ ಉಳಿಯದಂತೆ ಉದುರಿಸಿಕೊಂಡು, ಹಗುರವಾದ ಆ ನಾರಿನ ಗೂಡುಗಳನ್ನು ಅವಳ ಕೈಗಿಟ್ಟರು.

‘ಬೀಜ ಇಲ್ಲಿರ್ಲಿ, ಬರೋ ವರ್ಷಕ್ಕೆ ಬೇಕು. ತೂತು ನೀನು ತಗೊಂಡು ಹೋಗವ್ವ’ ಎಂದರು.